ಆಟದ ಧ್ವನಿಕಡತಗಳ ಪಾಠನಿರ್ಣಯ: ಸೂಪರ್ ಫ್ಯಾಮಿಕಾಮ್ ಸಂಗೀತವನ್ನು ಕುರಿತು

ಹಳೆಯ ವಿಡಿಯೋ ಆಟಗಳಿಂದ ಸಂಗೀತವನ್ನು ಬೇರ್ಪಡಿಸಿ, ಕಡತಗಳ ರೂಪದಲ್ಲಿ ಕಾಪಾಡಿ, ಇಂದಿನ ಯಂತ್ರಗಳಲ್ಲಿ ನುಡಿಸುವ ಕಾರ್ಯವನ್ನು ಕೇವಲ ಹವ್ಯಾಸಿಗಳ ವಿನೋದವೆಂದು ಭಾವಿಸುವುದು ವಾಡಿಕೆ. ಆದರೆ ಪ್ರಾಚೀನ ಕೃತಿಯೊಂದರ ಪಾಠವನ್ನು ನಿರ್ಣಯಿಸುವ ವಿದ್ವಾಂಸನಿಗೆ ಎದುರಾಗುವ ಪ್ರಶ್ನೆಗಳೇ ಇಲ್ಲಿಯೂ ತಲೆದೋರುತ್ತವೆ. ಮೂಲವೆಂದರೆ ಯಾವುದು? ದೋಷವೆಂದು ಯಾವುದನ್ನು ತಿದ್ದಬೇಕು? ಲಕ್ಷಣವೆಂದು ಯಾವುದನ್ನು ಉಳಿಸಬೇಕು? ಜಪಾನಿನಲ್ಲಿ 1990ರ ನವೆಂಬರಿನಲ್ಲಿ ಹೊರಬಂದ, ಇತರ ದೇಶಗಳಲ್ಲಿ ಸೂಪರ್ ನಿಂಟೆಂಡೋ ಎಂದು ಹೆಸರಾದ ಸೂಪರ್ ಫ್ಯಾಮಿಕಾಮ್ ಯಂತ್ರದ ಸಂಗೀತವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ನಾವಿಲ್ಲಿ ವಿವೇಚಿಸಬಯಸುತ್ತೇವೆ.

ಮೊದಲಿಗೆ ಯಂತ್ರದ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಇದರ ಧ್ವನಿವಿಭಾಗವನ್ನು ರೂಪಿಸಿದವರು ಸೋನಿ ಸಂಸ್ಥೆಯ ಕೆನ್ ಕುತರಾಗಿ. ಈ ವಿಭಾಗಕ್ಕೆ ತನ್ನದೇ ಆದ ಗಣಕಚಿಪ್ ಉಂಟು. 64 ಕಿಲೋಬೈಟ್‌ಗಳ ಪ್ರತ್ಯೇಕ ಸ್ಮೃತಿಕೋಶ ಉಂಟು. ಏಕಕಾಲಕ್ಕೆ 8 ಧ್ವನಿಗಳನ್ನು ಮಾತ್ರ ಹೊರಡಿಸುವ ಶಕ್ತಿ ಉಂಟು. ವಾದ್ಯಗಳ ಧ್ವನಿಮಾದರಿಗಳು, ಸ್ವರಗಳ ಅನುಕ್ರಮ, ಅದನ್ನು ನಡೆಸುವ ಕಾರ್ಯಕ್ರಮ, ಪ್ರತಿಧ್ವನಿಗೆ ಬೇಕಾದ ಅವಕಾಶ ಎಲ್ಲವೂ ಆ ಒಂದೇ ಕೋಶದಲ್ಲಿ ಅಡಗಬೇಕು. ಪ್ರತಿಧ್ವನಿಯನ್ನು ಅದರ ಪರಮಾವಧಿಯಾದ 240 ಮಿಲಿಸೆಕೆಂಡುಗಳವರೆಗೆ ಎಳೆದರೆ ಅದೊಂದೇ 30 ಕಿಲೋಬೈಟ್‌ಗಳನ್ನು ನುಂಗುತ್ತದೆ. ಈ ಬಡತನದೊಳಗೆ ಸಂಯೋಜಕನು ತನ್ನ ವಾದ್ಯವೃಂದವನ್ನು ಕಟ್ಟಬೇಕಾಗಿತ್ತು.

ಧ್ವನಿಮಾದರಿಗಳನ್ನು ಇಲ್ಲಿ ಸಂಕ್ಷೇಪಿಸಿ ಬರೆಯಲಾಗಿದೆ. ಧ್ವನಿಯ 16 ಅಳತೆಗಳ ಒಂದೊಂದು ಗುಂಪು 9 ಬೈಟ್‌ಗಳಲ್ಲಿ ಅಡಕವಾಗುತ್ತದೆ. ಮೊದಲ ಬೈಟ್, ಅಳತೆಗಳ ಪ್ರಮಾಣವೆಷ್ಟು, ಯಾವ ಸೂತ್ರದಿಂದ ಓದಬೇಕು, ಧ್ವನಿ ಇಲ್ಲಿಗೆ ಮುಗಿಯಿತೆ ಅಥವಾ ಆವರ್ತಿಸಬೇಕೆ ಎಂಬುದನ್ನು ಹೇಳುತ್ತದೆ. ಸೂತ್ರಗಳು ನಾಲ್ಕು. ಒಂದನ್ನು ಬಿಟ್ಟರೆ ಉಳಿದವು ಹಿಂದಿನ ಒಂದು ಅಥವಾ ಎರಡು ಅಳತೆಗಳಿಂದ ಮುಂದಿನದನ್ನು ಊಹಿಸಿ, ಊಹೆಗೂ ನಿಜಕ್ಕೂ ಇರುವ ಅಂತರವನ್ನು ಮಾತ್ರ ದಾಖಲಿಸುತ್ತವೆ. ಆದುದರಿಂದ ಒಂದೆಡೆ ಓದು ತಪ್ಪಿದರೆ ಆ ತಪ್ಪು ಮುಂದಕ್ಕೂ ಹರಿಯುತ್ತದೆ. ಇಷ್ಟು ಸಂಕ್ಷೇಪಿಸಿದರೂ, ಇಡೀ ಸ್ಮೃತಿಕೋಶವನ್ನು ಧ್ವನಿಮಾದರಿಗಳಿಗೇ ಬಿಟ್ಟುಕೊಟ್ಟರೆ, ಸೆಕೆಂಡಿಗೆ 32,000 ಅಳತೆಗಳ ಯಂತ್ರಗತಿಯಲ್ಲಿ ದೊರೆಯುವುದು ಮೂರೂವರೆ ಸೆಕೆಂಡಿಗೆ ತುಸು ಮಿಕ್ಕ ಧ್ವನಿ ಮಾತ್ರ.

ಈ ಸಂಗೀತವನ್ನು ಕಾಪಾಡಲು ಬಳಕೆಗೆ ಬಂದ ಎಸ್‌ಪಿಸಿ ಕಡತವು ಧ್ವನಿಮುದ್ರಣವಲ್ಲ ಎಂಬುದನ್ನು ಗಮನಿಸಬೇಕು. ಅದು ಒಂದು ಕ್ಷಣದಲ್ಲಿ ಧ್ವನಿವಿಭಾಗವಿದ್ದ ಸ್ಥಿತಿಯ ಪ್ರತಿ. 66,048 ಬೈಟ್‌ಗಳ ಆ ಕಡತದಲ್ಲಿ ಶೀರ್ಷಿಕಾಭಾಗವೂ ಇಡೀ ಸ್ಮೃತಿಕೋಶವೂ ಧ್ವನಿಚಿಪ್ಪಿನ 128 ನಿಯಂತ್ರಣ ಸಂಖ್ಯೆಗಳೂ ಇವೆ. ಅದನ್ನು ನುಡಿಸುವುದೆಂದರೆ ಆ ಯಂತ್ರವನ್ನು ಗಣಕದೊಳಗೆ ಅನುಕರಿಸಿ, ನಿಂತ ಕ್ಷಣದಿಂದ ಮುಂದಕ್ಕೆ ನಡೆಸುವುದು. ಹೀಗಾಗಿ ಕಡತವೊಂದೇ ಆದರೂ ಅನುಕರಣವು ಬೇರೆಯಾದಂತೆ ಕೇಳುವ ಸಂಗೀತವೂ ಬೇರೆಯಾಗುತ್ತದೆ. ಪಾಠಾಂತರಗಳು ಹುಟ್ಟುವುದು ಇಲ್ಲಿಯೇ.

ಇದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ಸ್ಥಾಯಿಯನ್ನು ಏರಿಸಿ ಇಳಿಸುವಾಗ ಎರಡು ಅಳತೆಗಳ ನಡುವಣ ಬೆಲೆಯನ್ನು ಯಂತ್ರವು ಕಲ್ಪಿಸಿಕೊಳ್ಳಬೇಕಾಗುತ್ತದೆ. ಸೂಪರ್ ಫ್ಯಾಮಿಕಾಮ್ ಇದಕ್ಕಾಗಿ ನೆರೆಯ ನಾಲ್ಕು ಅಳತೆಗಳನ್ನು 512 ಸಂಖ್ಯೆಗಳ ಒಂದು ಕೋಷ್ಟಕದ ಸಹಾಯದಿಂದ ಬೆರೆಸುತ್ತದೆ. ಪರಿಣಾಮವಾಗಿ ತಾರಧ್ವನಿಗಳ ಹೊಳಪು ಮಾಸಿ ನಾದವು ಮೃದುವಾಗುತ್ತದೆ. ಈ ಮಾಸಲು ಗುಣವನ್ನು ನ್ಯೂನತೆಯೆಂದು ಬಗೆದು, ಬೇರೆ ವಿಧಾನದಿಂದ ಹೊಳಪನ್ನು ತುಂಬುವ ಆಯ್ಕೆಯನ್ನು ಕೆಲವು ಅನುಕರಣ ತಂತ್ರಾಂಶಗಳು ಕೇಳುಗನಿಗೆ ಒದಗಿಸಿವೆ. ಕೇಳಲು ಅದು ಹಿತವೆನಿಸಬಹುದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಂಯೋಜಕನು ತನ್ನ ಧ್ವನಿಮಾದರಿಗಳನ್ನು ಆರಿಸಿದುದು ಈ ಯಂತ್ರದ ಬಾಯಲ್ಲಿ ಅವು ಹೇಗೆ ನುಡಿಯುತ್ತವೆ ಎಂಬುದನ್ನು ಕೇಳಿ ನೋಡಿಯೇ. ಯಂತ್ರವು ಮೆತ್ತಗಾಗಿಸುತ್ತದೆಂದು ಅರಿತು ಅವನು ತೀಕ್ಷ್ಣವಾಗಿ ಇಟ್ಟದ್ದನ್ನು ಮತ್ತೆ ತೀಕ್ಷ್ಣಗೊಳಿಸುವುದು ಪಾಠಶುದ್ಧಿಯಾಗಲಾರದು.

ಇದಕ್ಕಿಂತ ಮುಂದೆ ಹೋದ ಪ್ರಯತ್ನವೂ ಒಂದುಂಟು. ಸಂಯೋಜಕರು ಧ್ವನಿಮಾದರಿಗಳನ್ನು ಪಡೆದ ಸಿಂಥೆಸೈಸರ್‌ಗಳನ್ನು ಪತ್ತೆಹಚ್ಚಿ, ಸಂಕ್ಷೇಪಕ್ಕೆ ಮುಂಚಿನ ನಿರ್ಮಲ ಧ್ವನಿಗಳಿಂದ ಆ ಸ್ವರಾನುಕ್ರಮವನ್ನೇ ಪುನಃ ನುಡಿಸುವ ಪ್ರಯತ್ನವದು. ಕೋಜಿ ಕೊಂಡೋ ಸಂಯೋಜಿಸಿದ, 1990ರ ‘ಸೂಪರ್ ಮಾರಿಯೋ ವರ್ಲ್ಡ್’ ಆಟದ ಸಂಗೀತವು 2021ರಲ್ಲಿ ಈ ರೂಪದಲ್ಲಿ ಪ್ರಚಾರಕ್ಕೆ ಬಂದಿತು. ಇದರ ಹಿಂದಿನ ಶೋಧನೆಯ ಶ್ರಮ ಪ್ರಶಂಸನೀಯ. ಆಕರಗಳ ಅಧ್ಯಯನಕ್ಕೆ ಅದರಿಂದಾದ ಉಪಕಾರವೂ ದೊಡ್ಡದು. ಆದರೆ ಅದನ್ನು ‘ಪುನಃಸ್ಥಾಪನೆ’ ಎಂದು ಕರೆಯುವುದನ್ನು ನಾವು ಒಪ್ಪಲಾರೆವು. ಹಿಂದೆಂದೂ ಇಲ್ಲದಿದ್ದುದನ್ನು ಪುನಃ ಸ್ಥಾಪಿಸುವುದು ಹೇಗೆ? ಕವಿಯ ಆಕರಗ್ರಂಥ ದೊರೆತಿತೆಂದು ಕವಿಯ ಕಾವ್ಯವನ್ನು ಆಕರಕ್ಕೆ ಸರಿಹೋಗುವಂತೆ ತಿದ್ದುವ ಸಂಪಾದಕನನ್ನು ಯಾರೂ ಮನ್ನಿಸುವುದಿಲ್ಲ. ಅದು ಹೊಸ ಕೃತಿ. ಹಾಗೆಂದೇ ಅದಕ್ಕೆ ಗೌರವ ಸಲ್ಲಬೇಕು.

ಹಾಗೆಂದು ಎಸ್‌ಪಿಸಿ ಕಡತವೇ ಪರಮ ಪ್ರಮಾಣವೆಂದು ಸಾಧಿಸುವುದೂ ಸರಿಯಲ್ಲ. ಅದೇ ಆಟದಲ್ಲಿ ಮಾರಿಯೋ ಯೋಶಿಯ ಬೆನ್ನೇರಿದೊಡನೆ ಸಂಗೀತಕ್ಕೆ ಬಾಂಗೋ ತಾಳ ಬಂದು ಕೂಡುತ್ತದೆ, ಇಳಿದೊಡನೆ ನಿಲ್ಲುತ್ತದೆ. ಸವಾರಿಯಿಲ್ಲದ ಕ್ಷಣದಲ್ಲಿ ತೆಗೆದ ಪ್ರತಿಯಲ್ಲಿ ಆ ತಾಳ ಕೇಳಿಸದು. ಆಟದ ನಡುವೆ ಸದ್ದುಗಳಿಗೂ ಅವೇ 8 ಧ್ವನಿಗಳಲ್ಲಿ ಪಾಲು ಬೇಕಾಗುವುದರಿಂದ ವಾದ್ಯವೊಂದು ಅರೆಗಳಿಗೆ ಮೌನವಾಗುವುದುಂಟು. ಕಡತದಲ್ಲಿ ಆ ಅಡ್ಡಿಯಿಲ್ಲ. ಕೊನೆಯಿಲ್ಲದೆ ಆವರ್ತಿಸುವ ರಾಗಕ್ಕೆ ಇಷ್ಟು ಸೆಕೆಂಡುಗಳೆಂದು ಶೀರ್ಷಿಕೆಯಲ್ಲಿ ಅವಧಿ ಗೊತ್ತುಮಾಡಿದವನು ಸಂಯೋಜಕನಲ್ಲ, ಸಂಗ್ರಾಹಕ. ಎಂದರೆ ಅತ್ಯಂತ ನಿಷ್ಠಾವಂತ ಪ್ರತಿಯೂ ಆಟದ ಸಂದರ್ಭದಿಂದ ಆಯ್ದು ತೆಗೆದ ಪಾಠವೇ ಆಗಿದೆ.

ಇಷ್ಟು ವಿಚಾರದಿಂದ ಸಂಪಾದಕನ ಕರ್ತವ್ಯವು ಸ್ಪಷ್ಟವಾಗುತ್ತದೆ. ಯಂತ್ರದ ಮಿತಿಯೂ ಈ ಸಂಗೀತದ ಪಾಠಕ್ಕೆ ಸೇರಿದ್ದೆಂದು ಒಪ್ಪಿ ಅದನ್ನು ಯಥಾವತ್ತಾಗಿ ಅನುಕರಿಸಬೇಕು. ಪ್ರತಿಯನ್ನು ಆಟದ ಯಾವ ಸ್ಥಿತಿಯಲ್ಲಿ ತೆಗೆಯಲಾಯಿತು, ಯಾವ ವಿಧಾನದಿಂದ ನುಡಿಸಲಾಯಿತು, ಅವಧಿಯನ್ನು ನಿಶ್ಚಯಿಸಿದವರು ಯಾರು ಎಂಬುದನ್ನು ಜೊತೆಯಲ್ಲಿಯೇ ನಮೂದಿಸಬೇಕು. ಸುಂದರಗೊಳಿಸಿದ ರೂಪಗಳು ಬೇರೆ ಹೆಸರಿನಲ್ಲಿ ಬಾಳಲಿ. ಮೂಲ ಯಂತ್ರಗಳು ವರುಷ ವರುಷಕ್ಕೆ ಕೆಟ್ಟು ಮೂಲೆ ಸೇರುತ್ತಿವೆ. ಅವುಗಳ ದನಿಯನ್ನು ನೇರವಾಗಿ ಕೇಳದ ಪೀಳಿಗೆಗೆ ನಮ್ಮ ಕಡತಗಳೇ ಮೂಲವಾಗಲಿವೆ. ಕೇಳಲು ಹಿತವಾದುದನ್ನೇ ಮೂಲವೆಂದು ಅವರ ಕೈಗಿತ್ತರೆ, ಆ ತಪ್ಪನ್ನು ತೋರಿಸಿಕೊಡುವ ಸಾಕ್ಷ್ಯ ಅವರಿಗೆ ಉಳಿದಿರುವುದಿಲ್ಲ.