ಸೂಚ್ಯಂಕದ ಆಚೆಗೆ: ಪಶ್ಚಿಮ ಬಳ್ಳಾರಿಯ ಐದು ತಾಲ್ಲೂಕುಗಳು ಮತ್ತು ‘ಹಿಂದುಳಿದಿರುವಿಕೆ’ಯ ಪರಿಕಲ್ಪನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ಹೆಸರುಗಳು ಕರ್ನಾಟಕದ ಅಭಿವೃದ್ಧಿ ಚರ್ಚೆಯಲ್ಲಿ ಸಾಮಾನ್ಯವಾಗಿ ಒಂದೇ ವಿಶೇಷಣದೊಡನೆ ಕಾಣಿಸಿಕೊಳ್ಳುತ್ತವೆ. ಆ ವಿಶೇಷಣ ‘ಹಿಂದುಳಿದ’ ಎಂಬುದು. ಯಾರಿಗಿಂತ ಹಿಂದೆ, ಯಾವ ಕ್ಷೇತ್ರದಲ್ಲಿ ಹಿಂದೆ, ಯಾವ ಕಾರಣದಿಂದ ಹಿಂದೆ ಎಂಬ ಪ್ರಶ್ನೆಗಳನ್ನು ಈ ಪದ ತನ್ನೊಳಗೇ ಅಡಗಿಸಿಟ್ಟುಕೊಂಡಿದೆ. ವ್ಯಾಕರಣದ ದೃಷ್ಟಿಯಿಂದಲೂ ಅದು ಅಕರ್ಮಕ ಕ್ರಿಯೆಯಿಂದ ಬಂದದ್ದು. ‘ಹಿಂದುಳಿ’ ಎಂಬಲ್ಲಿ ಹಿಂದೆ ಉಳಿಸಿದವರು ಯಾರೆಂಬುದಕ್ಕೆ ಸ್ಥಳವಿಲ್ಲ. ಈ ಮರೆಯಾದ ಕರ್ತೃವಿನ ಪ್ರಶ್ನೆಯೇ ಇಲ್ಲಿನ ವಿವೇಚನೆಯ ಕೇಂದ್ರ.

ಈ ಪ್ರದೇಶ ಆಧುನಿಕ ಆಡಳಿತದ ಲೆಕ್ಕಕ್ಕೆ ಬಂದುದು 1800ರಲ್ಲಿ. ಹೈದರಾಬಾದಿನ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ‘ದತ್ತ ಮಂಡಲ’ಗಳ ಪ್ರಧಾನ ಕಲೆಕ್ಟರನಾಗಿ ಥಾಮಸ್ ಮನ್ರೋ 1800ರಿಂದ 1807ರವರೆಗೆ ಕಾರ್ಯನಿರ್ವಹಿಸಿದನು. ಪಾಳೆಯಗಾರರನ್ನು ಹತ್ತಿಕ್ಕುವುದು, ಹೊಲಹೊಲವನ್ನೂ ಅಳೆದು ರೈತವಾರಿ ಕಂದಾಯ ನಿಗದಿಪಡಿಸುವುದು ಅವನ ಆಡಳಿತದ ಎರಡು ಮುಖ್ಯ ಕೆಲಸಗಳು. ಆಗ ಈ ನೆಲವನ್ನು ಅಳೆದುದು ಅದು ಎಷ್ಟು ಕೊಡಬಲ್ಲದು ಎಂಬುದನ್ನು ತಿಳಿಯಲು. ಎರಡು ಶತಮಾನಗಳ ತರುವಾಯ ಅದೇ ನೆಲವನ್ನು ಮತ್ತೊಮ್ಮೆ ಅಳೆಯಲಾಯಿತು. ಈ ಸಲ ಅದಕ್ಕೆ ಎಷ್ಟು ಕೊರತೆಯಿದೆ ಎಂಬುದನ್ನು ತಿಳಿಯಲು. ಮೊದಲನೆಯ ಅಳತೆಗೂ ಎರಡನೆಯದಕ್ಕೂ ನಡುವಿನ ಇನ್ನೂರು ವರ್ಷಗಳ ಕಥನ ಎರಡನೆಯ ಅಳತೆಯ ಪುಟಗಳಲ್ಲಿ ದೊರೆಯುವುದಿಲ್ಲ.

ಎರಡನೆಯ ಅಳತೆ ಎಂದರೆ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿ. ಕೃಷಿ, ಕೈಗಾರಿಕೆ ಮತ್ತು ಹಣಕಾಸು, ಆರ್ಥಿಕ ಮೂಲಸೌಕರ್ಯ, ಸಾಮಾಜಿಕ ಮೂಲಸೌಕರ್ಯ, ಜನಸಂಖ್ಯಾ ಲಕ್ಷಣ ಎಂಬ ವಲಯಗಳ 35 ಸೂಚಕಗಳನ್ನು ಒಗ್ಗೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅಂದಿನ 175 ತಾಲ್ಲೂಕುಗಳಿಗೂ ಸಮಿತಿ ಒಂದೊಂದು ಸೂಚ್ಯಂಕ ನೀಡಿತು. ಅವುಗಳಲ್ಲಿ 114 ತಾಲ್ಲೂಕುಗಳು ಸರಾಸರಿಗಿಂತ ಕೆಳಗಿದ್ದವು. ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35. ಕೂಡ್ಲಿಗಿ ಮತ್ತು ಹರಪನಹಳ್ಳಿ ಮೊದಲ ವರ್ಗಕ್ಕೆ ಸೇರಿದವು. ಪ್ರಾದೇಶಿಕ ಅಸಮಾನತೆಯನ್ನು ಭಾವುಕ ದೂರಿನ ನೆಲೆಯಿಂದ ಬಿಡಿಸಿ ಅಂಕಿಅಂಶಗಳ ನೆಲೆಗೆ ತಂದ ಶ್ರೇಯ ಈ ವರದಿಗೆ ಸಲ್ಲಬೇಕು. ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಗೆ 31,000 ಕೋಟಿ ರೂಪಾಯಿಗಳ ಶಿಫಾರಸು ಮಾಡಿದ್ದು, ಮುಂದಿನ ಎಲ್ಲ ಹಕ್ಕೊತ್ತಾಯಗಳಿಗೆ ಆಧಾರ ಒದಗಿಸಿದ್ದು ಅದರ ಸಾಧನೆಗಳು.

ಆದರೂ ಈ ವಿಧಾನದ ಮಿತಿಗಳನ್ನು ಈ ಐದು ತಾಲ್ಲೂಕುಗಳೇ ತೋರಿಸಿಕೊಡುತ್ತವೆ. ಕೊಟ್ಟೂರು ಅಂದು ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ, ಕೂಡ್ಲಿಗಿಯ ಭಾಗವಾಗಿತ್ತು. ಪೇಟೆ, ಮಠ, ಜಾತ್ರೆಗಳಿಂದ ಬೆಳೆದ ಊರೂ ಮಳೆಯನ್ನೇ ನೆಚ್ಚಿದ ಬೆದ್ದಲು ಹಳ್ಳಿಗಳೂ ಒಂದೇ ಅಂಕಿಯಲ್ಲಿ ಬೆರೆತವು. ಕಬ್ಬಿಣದ ಅದಿರಿಗೆ ಹೆಸರಾದ ನೆರೆಯ ಸಂಡೂರು ಕೂಡ ಕೂಡ್ಲಿಗಿಯೊಡನೆ ಅತ್ಯಂತ ಹಿಂದುಳಿದ ವರ್ಗದಲ್ಲಿಯೇ ಸ್ಥಾನ ಪಡೆಯಿತು. ಸಂಪತ್ತಿಲ್ಲದ ತಾಲ್ಲೂಕೂ ಸಂಪತ್ತು ಹೊರಗೆ ಸಾಗಿಹೋದ ತಾಲ್ಲೂಕೂ ಸೂಚ್ಯಂಕಕ್ಕೆ ಒಂದೇ. ಕಾರಣಗಳು ಬೇರೆಯಾದಾಗ ಪರಿಹಾರವೂ ಬೇರೆಯಾಗಬೇಕೆಂಬ ಸರಳ ತರ್ಕ ಸರಾಸರಿಯಲ್ಲಿ ಕರಗಿಹೋಗುತ್ತದೆ.

ನೀರಿನ ಪ್ರಶ್ನೆಯಲ್ಲಿ ಇದು ಇನ್ನೂ ಸ್ಪಷ್ಟ. ತುಂಗಭದ್ರೆ ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚಿನಲ್ಲಿಯೇ ಹರಿಯುತ್ತಾಳೆ. 1953ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ನೀರು ನಿಂತಾಗ ಹಿನ್ನೀರು ಮೇಲ್ಭಾಗದ ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆಗೆ ಚಾಚಿತು. ಕಾಲುವೆಗಳು ಕೆಳಭಾಗದ ಬಯಲುಗಳಿಗೆ ಹರಿದವು. ಮುಳುಗಡೆ ಒಂದು ಕಡೆಗೆ, ನೀರಾವರಿ ಇನ್ನೊಂದು ಕಡೆಗೆ. ‘ನೀರಾವರಿ ಪ್ರಮಾಣ’ ಎಂಬ ಸೂಚಕ ಇಲ್ಲಿನ ಕೊರತೆಯನ್ನು ದಾಖಲಿಸುತ್ತದೆ; ಬೇರೊಂದು ಪ್ರದೇಶದ ಸಮೃದ್ಧಿಗಾಗಿ ಈ ಭಾಗದ ನೆಲ ತೆತ್ತ ಬೆಲೆಯನ್ನು ದಾಖಲಿಸುವುದಿಲ್ಲ. ‘ಹಿಂದುಳಿದ’ ಎಂಬ ಪದದಲ್ಲಿ ಮರೆಯಾಗುವ ಕರ್ತೃ ಇಂಥಲ್ಲಿ ಗೋಚರಿಸುತ್ತಾನೆ.

ಗಡಿರೇಖೆಯೊಂದೇ ಬದುಕನ್ನು ಹೇಗೆ ನಿರ್ಧರಿಸಬಲ್ಲದು ಎಂಬುದಕ್ಕೆ ಹರಪನಹಳ್ಳಿಯೇ ನಿದರ್ಶನ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಈ ತಾಲ್ಲೂಕು ಬಳ್ಳಾರಿಯಿಂದ ಬೇರ್ಪಟ್ಟಿತು. 2012ರಲ್ಲಿ ಸಂಸತ್ತು ಸಂವಿಧಾನದ 98ನೆಯ ತಿದ್ದುಪಡಿಯನ್ನು ಅಂಗೀಕರಿಸಿ 371(ಜೆ) ವಿಧಿಯನ್ನು ಸೇರಿಸಿತು. ಹೈದರಾಬಾದ್ ಕರ್ನಾಟಕದ ಅಭ್ಯರ್ಥಿಗಳಿಗೆ ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸ್ಥಾನಗಳು ಮೀಸಲಾದವು. ಉದ್ಯೋಗದಲ್ಲಿಯೂ ಸ್ಥಳೀಯ ಮೀಸಲಾತಿ ಬಂದಿತು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದು 1953ರಲ್ಲಿ ಮೈಸೂರಿಗೆ ಬಂದ ಬಳ್ಳಾರಿ ಜಿಲ್ಲೆಯೂ ಹಿಂದುಳಿದಿರುವಿಕೆಯ ಕಾರಣದಿಂದ ಈ ವ್ಯಾಪ್ತಿಯೊಳಗೆ ಬಂದಿತು. ಕೂಡ್ಲಿಗಿಯಷ್ಟೇ ಹಿಂದುಳಿದಿದೆಯೆಂದು ಸರ್ಕಾರದ ಸಮಿತಿಯೇ ಗುರುತಿಸಿದ್ದ ಹರಪನಹಳ್ಳಿ ಮಾತ್ರ ಹೊರಗುಳಿಯಿತು. ದೀರ್ಘ ಹೋರಾಟದ ಫಲವಾಗಿ 2018ರಲ್ಲಿ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಮರಳಿದ ಮೇಲೆಯೇ ಆ ಸೌಲಭ್ಯದ ದಾರಿ ತೆರೆಯಿತು. ನಡುವಿನ ವರ್ಷಗಳಲ್ಲಿ ಓದು ಮುಗಿಸಿದ ಒಂದು ತಲೆಮಾರಿಗೆ ಆ ಅವಕಾಶ ಮರಳಿ ಬರುವಂಥದಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಐದೂ ತಾಲ್ಲೂಕುಗಳು ಹೊಸಪೇಟೆಯೊಡನೆ ಒಂದೇ ಜಿಲ್ಲೆಯೊಳಗೆ ಬಂದವು.

ತಾಲ್ಲೂಕನ್ನು ಘಟಕವಾಗಿ ಹಿಡಿದಾಗ ತಾಲ್ಲೂಕಿನೊಳಗಿನ ತಾರತಮ್ಯ ಕಣ್ಮರೆಯಾಗುವುದು ಮತ್ತೊಂದು ಗಂಭೀರ ಮಿತಿ. ಸುಗ್ಗಿ ಮುಗಿದೊಡನೆ ತಾಂಡಾ ಮತ್ತು ಕೇರಿಗಳಿಂದ ಮಲೆನಾಡಿನ ಕಾಫಿ ತೋಟಗಳಿಗೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಗಳಿಗೆ ಗುಳೆ ಹೊರಡುವ ಕುಟುಂಬದ ಮಗುವಿಗೆ ಊರಿನಲ್ಲಿ ಶಾಲೆಯಿದೆ ಎಂಬ ಅಂಕಿಯಿಂದ ಆಗುವ ಪ್ರಯೋಜನ ಅಲ್ಪ. ಶಾಲೆ ಊರಿನಲ್ಲಿರುವಾಗ ಮಗು ಊರಿನಲ್ಲಿರುವುದಿಲ್ಲ. ದೇವದಾಸಿ ಪದ್ಧತಿಯ ವಿಷಯವೂ ಹೀಗೆಯೇ. ಕರ್ನಾಟಕವು 1982ರಲ್ಲಿಯೇ ನಿಷೇಧ ಕಾಯಿದೆಯನ್ನು ರೂಪಿಸಿತು. 1993–94 ಹಾಗೂ 2007–08ರ ಎರಡು ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ಮಹಿಳೆಯರನ್ನು ಗುರುತಿಸಿದವು. ಬಳ್ಳಾರಿ ಸೀಮೆಯ ದಲಿತ ಕೇರಿಗಳ ಪಾಲು ಅದರಲ್ಲಿದೆ. ಇಲ್ಲಿ ಜಾತಿ, ಲಿಂಗ, ಭೂಹೀನತೆ, ಅನಕ್ಷರತೆಗಳು ಬೇರೆಬೇರೆ ಕಲಮುಗಳಲ್ಲಿ ಬರೆಯಬಹುದಾದ ನಾಲ್ಕು ಕೊರತೆಗಳಾಗಿ ಉಳಿಯುವುದಿಲ್ಲ. ಒಂದು ಇನ್ನೊಂದನ್ನು ಹುಟ್ಟಿಸುತ್ತದೆ, ಮತ್ತೊಂದು ಅದನ್ನು ಕಾಯುತ್ತದೆ. ಸೂಚ್ಯಂಕ ಇವುಗಳನ್ನು ಕೂಡಿಸುತ್ತದೆ. ಬದುಕಿನಲ್ಲಿ ಅವು ಗುಣಿಸಿಕೊಳ್ಳುತ್ತವೆ.

ಈ ಗುಣಾಕಾರದ ಅರಿವು ಕಾಣಸಿಗುವುದು ಇದೇ ನೆಲದ ಸೃಜನಶೀಲ ಸಾಹಿತ್ಯದಲ್ಲಿ. ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಅರಮನೆ’ ಮನ್ರೋನ ಕಾಲವನ್ನೇ ವಸ್ತುವಾಗಿಸಿಕೊಂಡ ಕಾದಂಬರಿ. ಕುಸಿಯುತ್ತಿರುವ ಪಾಳೆಯಪಟ್ಟು, ಬೇರೂರುತ್ತಿರುವ ಕಂಪನಿ ಆಡಳಿತ, ಅವೆರಡರ ನಡುವೆ ತಮ್ಮ ದೈವ, ನುಡಿ, ನಂಬಿಕೆಗಳೊಡನೆ ಉಳಿಯಲು ಹೆಣಗುವ ಜನಸಮುದಾಯ ಅಲ್ಲಿ ಏಕಕಾಲದಲ್ಲಿ ಕಾಣಿಸಿಕೊಳ್ಳುತ್ತವೆ. ದಾಖಲೆಗಳಲ್ಲಿ ಕಂದಾಯದ ಬಾಬುಗಳಾಗಿದ್ದವರು ಕಾದಂಬರಿಯಲ್ಲಿ ಮಾತನಾಡುವ ಮನುಷ್ಯರಾಗುತ್ತಾರೆ. ‘ಗಾಂಧಿ ಕ್ಲಾಸು’ ಎಂಬ ಅವರ ಆತ್ಮಕಥನದ ಶೀರ್ಷಿಕೆಯೂ ಮೂರನೆಯ ದರ್ಜೆಯೆಂಬ ಕೀಳಂದಾಜನ್ನು ಜನರ ವ್ಯಂಗ್ಯದ ನುಡಿಯಾಗಿ ತಿರುಗಿಸಿಕೊಂಡದ್ದು. ಮೇಲಿನವರು ಕೊಟ್ಟ ದರ್ಜೆಯನ್ನು ಕೆಳಗಿನವರು ತಮ್ಮ ಮಾತಿನಲ್ಲಿ ಮರುನಿರ್ವಚಿಸುವ ಈ ಶಕ್ತಿಯನ್ನು ಯಾವ ವರದಿಯೂ ಪರಿಗಣಿಸಿಲ್ಲ. ಎಂ.ಪಿ. ಪ್ರಕಾಶ್ ಅವರಿಂದ ಬೆಳೆದ ಹಡಗಲಿಯ ರಂಗಭಾರತಿ, ಮಳೆಬೆಳೆಯ ಭವಿಷ್ಯಕ್ಕಾಗಿ ಜನಸಾಗರ ಕಿವಿಗೊಡುವ ಮೈಲಾರದ ಕಾರಣಿಕಗಳನ್ನು ಗಮನಿಸಿದರೆ ‘ಹಿಂದುಳಿದ’ ಎಂಬ ಒಂದೇ ವಿಶೇಷಣ ಈ ಸೀಮೆಗೆ ಸಾಲದೆಂಬುದು ಮನವರಿಕೆಯಾಗುತ್ತದೆ.

ಸಾಹಿತ್ಯವನ್ನು ಮುಂದುಮಾಡಿ ಕೊರತೆಯನ್ನು ಮರೆಸುವುದು ಮಾತ್ರ ಅಪಾಯಕಾರಿ. ಸಾಂಸ್ಕೃತಿಕ ಶ್ರೀಮಂತಿಕೆಯ ಹೊಗಳಿಕೆ ನೀರು, ಶಾಲೆ, ಆಸ್ಪತ್ರೆಗಳಿಗೆ ಬದಲಿಯಾಗದು. ಅಂಕಿ ಹಕ್ಕೊತ್ತಾಯಕ್ಕೆ ಬೇಕು. ಆ ಅಂಕಿಯ ಹಿಂದಿನ ಕಾರಣವನ್ನು ತಿಳಿಯಲು ಚರಿತ್ರೆ ಮತ್ತು ಸಾಹಿತ್ಯ ಬೇಕು. ಪ್ರಾದೇಶಿಕ ಅಸಮತೋಲನದ ಮರುಪರಿಶೀಲನೆಗೆ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ 2024ರಲ್ಲಿ ರಚನೆಯಾದ ಸಮಿತಿಯ ಹಿನ್ನೆಲೆಯಲ್ಲಿ ಈ ಮಾತಿಗೆ ಮಹತ್ವವಿದೆ. ತಾಲ್ಲೂಕಿನ ಸರಾಸರಿಯಿಂದ ಗ್ರಾಮ, ಕೇರಿ, ತಾಂಡಾಗಳ ಮಟ್ಟಕ್ಕೆ ಅಳತೆ ಇಳಿಯಬೇಕು. ಊರಿನಲ್ಲಿರುವವರ ಜೊತೆಗೆ ಗುಳೆ ಹೋದವರನ್ನೂ ಎಣಿಸಬೇಕು. ಎಷ್ಟು ಕೊರತೆ ಎಂಬುದರ ಪಕ್ಕದಲ್ಲಿ ಅದು ಹೇಗೆ ಉಂಟಾಯಿತು ಎಂಬುದನ್ನೂ ಬರೆಯಬೇಕು. ಹಾಗೆ ಬರೆದಾಗ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗಿನ ಈ ಸೀಮೆಗೆ ‘ಹಿಂದುಳಿದ’ ಎಂಬುದಕ್ಕಿಂತ ‘ಹಿಂದೆ ಉಳಿಸಲಾದ’ ಎಂಬ ಮಾತೇ ಹೆಚ್ಚು ಸಾರ್ಥಕವೆನಿಸುತ್ತದೆ.