ಪಂಚಮಿಯ ಪ್ರಶ್ನೆ: ಕನ್ನಡ ವ್ಯಾಕರಣದ ಒಂದು ಗೃಹೀತವನ್ನು ಕುರಿತು

ನೆಲೆಗೊಂಡ ಶಾಸ್ತ್ರಗಳ ಪಂಡಿತರು ತಮ್ಮ ಹಳೆಯ ಗೃಹೀತಗಳನ್ನು ಪ್ರಶ್ನಿಸಗೊಡುವುದಿಲ್ಲವೆಂಬ ಆಕ್ಷೇಪವು ಕನ್ನಡ ವ್ಯಾಕರಣದ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಪಂಚಮೀ ವಿಭಕ್ತಿಯೊಂದನ್ನೇ ಎದುರಿಗಿಟ್ಟುಕೊಂಡು ನೋಡಿದರೆ ಈ ಆಕ್ಷೇಪ ಅರ್ಧದಷ್ಟು ಮಾತ್ರ ಸರಿಯೆಂದು ನಮಗೆ ತೋರುತ್ತದೆ.

13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪಂಚಮಿಗೆ ‘ಅತ್ತಣಿಂ’ ಎಂಬ ಪ್ರತ್ಯಯವನ್ನು ಹೇಳಿದ್ದಾನೆ. ಇಂದಿನ ಶಾಲಾ ವ್ಯಾಕರಣಗಳು ‘ದೆಸೆಯಿಂದ’ ಎನ್ನುತ್ತವೆ. ಎರಡರಲ್ಲಿಯೂ ಕೊನೆಗೆ ಉಳಿಯುವುದು ತೃತೀಯೆಯ ‘ಇಂ’ ಅಥವಾ ‘ಇಂದ’. ಎಲೆ ಮರದ ದೆಸೆಯಿಂದ ಉದುರಿತೆಂದು ಯಾರೂ ಆಡುವುದಿಲ್ಲ, ಮರದಿಂದ ಉದುರಿತೆನ್ನುತ್ತಾರೆ. ಇದು ವೈಯಾಕರಣರಿಗೆ ತಿಳಿಯದ ಸಂಗತಿಯಲ್ಲ. ತಿಳಿದೇ ಅವರು ಇದನ್ನು ‘ವಿಭಕ್ತಿಪಲ್ಲಟ’ವೆಂದು ಕರೆದು, ಪಂಚಮಿಯ ಸ್ಥಾನದಲ್ಲಿ ತೃತೀಯೆ ಬಂದಿದೆಯೆಂದು ವಿವರಿಸಿದರು. ವಿರುದ್ಧ ಸಾಮಗ್ರಿಯನ್ನು ಅವರು ಹೊರಗೆ ಹಾಕಲಿಲ್ಲ, ಒಳಗೇ ಅದಕ್ಕೊಂದು ಕೋಣೆ ಕಟ್ಟಿಕೊಟ್ಟರು. ಆ ಬಳಿಕ ಯಾವ ಬಳಕೆಯೂ ಆ ಗೃಹೀತವನ್ನು ಅಲ್ಲಗಳೆಯಲಾರದಾಯಿತು.

ಪ್ರಶ್ನೆ ಎದ್ದಿರಲಿಲ್ಲವೆಂದಲ್ಲ. ದ್ರಾವಿಡ ವಿಭಕ್ತಿಗಳನ್ನು ಸಂಸ್ಕೃತದ ಕ್ರಮದಲ್ಲಿ ಜೋಡಿಸಿದ್ದರಿಂದ ವರ್ಗೀಕರಣವು ಗೊಂದಲಗೊಂಡಿತೆಂದು ಕಾಲ್ಡ್‌ವೆಲ್ 1856ರಷ್ಟು ಹಿಂದೆಯೇ ಬರೆದಿದ್ದನು. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಇಡೀ ಕಟ್ಟಡವೇ ಸಂಸ್ಕೃತದ ಅಚ್ಚಿನಲ್ಲಿ ಎರಕಗೊಂಡದ್ದೆಂದು ವಾದಿಸಿದರು. ಈ ನಿದಾನವನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ಆದರೆ ಅದರ ಬೆನ್ನಿಗೆ ಬೆಳೆದಿರುವ, ಸಂಸ್ಕೃತ ವ್ಯಾಕರಣವೇ ಅಪರಾಧಿಯೆಂಬ ಮಾತನ್ನು ಒಪ್ಪಲಾಗದು. ಪಾಣಿನಿಯಲ್ಲಿ ಅಪಾದಾನವು ಕಾರಕ, ಎಂದರೆ ಕ್ರಿಯೆಯೊಡನಿರುವ ಸಂಬಂಧ (1.4.24), ಪಂಚಮಿಯು ರೂಪಗಳ ವರ್ಗ, ಇವೆರಡನ್ನು ಜೋಡಿಸಲು ಬೇರೊಂದು ಸೂತ್ರವೇ ಇದೆ (2.3.28). ದ್ವಿವಚನದಲ್ಲಿ ತೃತೀಯಾ, ಚತುರ್ಥೀ, ಪಂಚಮಿಗಳಿಗೆ ‘ಭ್ಯಾಮ್’ ಒಂದೇ ಆದರೂ ಏಕವಚನದಲ್ಲಿ ದೇವೇನ, ದೇವಾಯ, ದೇವಾತ್ ಎಂದು ರೂಪಗಳು ಬೇರೆಬೇರೆಯಾಗುವುದರಿಂದ ಅಲ್ಲಿ ಮೂರು ವರ್ಗಗಳು ಬೇಕಾಗುತ್ತವೆ. ಹೊಸಗನ್ನಡದ ಯಾವ ನಾಮಪದದಲ್ಲಿ, ಯಾವ ವಚನದಲ್ಲಿ, ತೃತೀಯೆಯೂ ಪಂಚಮಿಯೂ ಹೀಗೆ ಕವಲೊಡೆಯುತ್ತವೆ? ಪಾಣಿನಿಯ ಅಳತೆಗೋಲನ್ನೇ ಹಿಡಿದರೂ ಇಲ್ಲಿ ಅಪಾದಾನವಿದೆ, ಪಂಚಮಿಯಿಲ್ಲ. ನಮ್ಮವರು ಅನುಕರಿಸಿದ್ದು ಅವನ ಫಲಿತಾಂಶವನ್ನು, ವಿಧಾನವನ್ನಲ್ಲ. (ಕೇಶಿರಾಜನ ಮಟ್ಟಿಗೆ ಇಷ್ಟು ಕಠಿಣರಾಗಲು ನಾವು ಹಿಂಜರಿಯುತ್ತೇವೆ: ‘ಅತ್ತಣಿಂ’ ಅವನ ಕಣ್ಣಿಗೆ ಬಿದ್ದಿದ್ದ ರೂಪ, ‘ದೆಸೆಯಿಂದ’ ಎಂಬುದರಂತೆ ಪಟ್ಟಿ ತುಂಬಲು ತಂದದ್ದಲ್ಲ.)

ಇಷ್ಟಾಗಿ, ಪಂಡಿತರೆಂದರೆ ಹಿಂದಿನವರು ಮಾತ್ರವೆಂದು ಭಾವಿಸುವುದು ನಮಗೆ ಅನುಕೂಲಕರವಾದ ಭ್ರಮೆ. ನಮ್ಮದೇ ಪಿಎಚ್‌.ಡಿ. ಪ್ರಬಂಧದಲ್ಲಿ ‘ಚಾಕುವಿನಿಂದ’ ಎಂಬುದರ ಕೆಳಗೆ ಕರಣಾರ್ಥಕ ವಿಭಕ್ತಿಯೆಂದೂ ‘ಊರಿನಿಂದ’ ಎಂಬುದರ ಕೆಳಗೆ ಅಪಾದಾನ ವಿಭಕ್ತಿಯೆಂದೂ ಎರಡು ಗ್ಲಾಸ್‌ಗಳನ್ನು ಬರೆದಿದ್ದೆವು. ಮಾರ್ಗದರ್ಶಕರು ಕೇಳಲಿಲ್ಲ, ಪರೀಕ್ಷಕರು ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಇಂಗ್ಲಿಷ್ ಅನುವಾದದ ಎರಡು ಉಪಸರ್ಗಗಳೇ ನಮ್ಮ ಕೈಯಲ್ಲಿ ಎರಡು ವಿಭಕ್ತಿಗಳಾಗಿದ್ದವು. ಈಗ ನಾವು ಮೌಲ್ಯಮಾಪನಕ್ಕೆ ಪಡೆಯುವ ಪ್ರಬಂಧಗಳಲ್ಲಿಯೂ ಇದೇ ಜೋಡಿ ಎದುರಾಗುತ್ತದೆ. ಹೀಗೆ ಟಿಪ್ಪಣಿಸಿದ ವಾಕ್ಯಗಳನ್ನೇ ಎಣಿಸಿ, ಕನ್ನಡದಲ್ಲಿ ಇಷ್ಟು ವಿಭಕ್ತಿಗಳಿವೆಯೆಂದು ತೌಲನಿಕ ಅಧ್ಯಯನವೊಂದು ಹೇಳಿದರೆ, ಅದು ಎಣಿಸಿದ್ದು ಕನ್ನಡವನ್ನಲ್ಲ, ನಮ್ಮ ಅಭ್ಯಾಸವನ್ನು.

ಆ ಪ್ರಬಂಧದಲ್ಲಿ ‘ಮಳೆಯಿಂದ ಬೆಳೆ ಹಾಳಾಯಿತು’ ಎಂಬ ವಾಕ್ಯವೂ ಇತ್ತು. ಮಳೆಯು ಕರಣವೋ ಅಪಾದಾನವೋ ಎಂದು ತೀರ್ಮಾನಿಸಲಾಗದೆ, ಒಂದು ಅಧ್ಯಾಯದಲ್ಲಿ ಒಂದು ಗ್ಲಾಸ್, ಇನ್ನೊಂದರಲ್ಲಿ ಇನ್ನೊಂದು ಗ್ಲಾಸ್ ಕೊಟ್ಟಿದ್ದೇವೆ. ಅದನ್ನು ಅಚ್ಚಿನ ದೋಷವೆಂದು ತಿದ್ದಲು ಹೊರಟಿದ್ದೆವು.