ಭಯಾನಕವೂ ಕೈಯ ಸ್ವಾತಂತ್ರ್ಯವೂ

ಒಂದು ಕೃತಿಯನ್ನು ಎರಡನೆಯ ಸಲ ಓದುವಾಗ ಕಥೆಯ ಕುತೂಹಲ ಅಡಗಿ, ಅದರ ಕಟ್ಟಡದ ಕೌಶಲ ಕಣ್ಣಿಗೆ ಬೀಳುತ್ತದೆಂಬುದು ಓದುಗರೆಲ್ಲರ ಅನುಭವ. ವಿಡಿಯೋ ಆಟಗಳ ವಿಷಯದಲ್ಲಿ ಈ ಪುನರಾವರ್ತನೆಗೆ ಇನ್ನೊಂದು ವಿಶೇಷವುಂಟು. ಇಲ್ಲಿ ಕೃತಿ ಅದೇ ಆಗಿದ್ದರೂ ಅದನ್ನು ಆಡುವ ಉಪಕರಣ ಬೇರೆಯಾಗಬಹುದು. ಹಾಗೆ ಬೇರೆಯಾದಾಗ ಕೃತಿಯ ರಸ ಅದೇ ಆಗಿ ಉಳಿಯುತ್ತದೆಯೆ ಎಂಬ ಪ್ರಶ್ನೆಯನ್ನು ‘ರೆಸಿಡೆಂಟ್ ಈವಿಲ್ 4’ ಎಂಬ ಆಟವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಗುಂಡಿಯೊತ್ತಿ ಆಡುವ ಆಟಕ್ಕೆ ರಸವಿಚಾರವೇ ಎಂದು ಕೆಲವರು ಹುಬ್ಬೇರಿಸಿಯಾರು. ಆದರೆ ನಾಟ್ಯದ ಉತ್ಪತ್ತಿಯನ್ನು ಹೇಳುವಾಗ ಭರತಮುನಿಯೇ, ದೇವತೆಗಳು ಬ್ರಹ್ಮನಲ್ಲಿಗೆ ಹೋಗಿ ನೋಡಲೂ ಕೇಳಲೂ ಆಗುವ ಒಂದು ಆಟದ ವಸ್ತುವನ್ನು ಬೇಡಿದರೆಂದು ಹೇಳಿದ್ದಾನೆ. ತೀ. ನಂ. ಶ್ರೀಕಂಠಯ್ಯನವರು 1953ರಲ್ಲಿ ಪ್ರಕಟವಾದ ತಮ್ಮ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ನಮಗೆ ಸುಲಭಗೊಳಿಸಿಕೊಟ್ಟ ಪರಿಭಾಷೆಯನ್ನು ಹೊಸ ಕ್ರೀಡೆಯೊಂದರ ಮೇಲೆ ಪ್ರಯೋಗಿಸಿ ನೋಡುವುದರಲ್ಲಿ ಅನೌಚಿತ್ಯವೇನೂ ಇರಲಾರದು.

ಜಪಾನಿನ ಕ್ಯಾಪ್ಕಾಮ್ ಸಂಸ್ಥೆ ಈ ಆಟವನ್ನು 2005ರ ಜನವರಿಯಲ್ಲಿ ನಿಂಟೆಂಡೊ ಗೇಮ್‌ಕ್ಯೂಬ್ ಯಂತ್ರಕ್ಕಾಗಿ ಹೊರತಂದಿತು. ನಿರ್ದೇಶಕರು ಶಿಂಜಿ ಮಿಕಾಮಿ. 1996ರಲ್ಲಿ ಬಂದ ಈ ಮಾಲೆಯ ಮೊದಲ ಆಟವೂ ಅವರದೇ. ಆ ಮೊದಲ ಆಟದಲ್ಲಿ ಕ್ಯಾಮೆರಾ ಕೋಣೆಯ ಮೂಲೆಯಲ್ಲಿ ಸ್ಥಿರವಾಗಿ ನಿಂತಿರುತ್ತಿತ್ತು. ನಾಲ್ಕನೆಯದರಲ್ಲಿ ಅದು ನಾಯಕನ ಬೆನ್ನ ಹಿಂದೆ, ಬಲಭುಜದ ಬಳಿಗೆ ಬಂದಿತು. ಕಥೆ ಸರಳವಾದುದು. ಅಮೆರಿಕದ ಅಧ್ಯಕ್ಷನ ಮಗಳು ಆಶ್ಲಿಯನ್ನು ದುಷ್ಟರು ಅಪಹರಿಸಿದ್ದಾರೆ. ಲಿಯಾನ್ ಕೆನಡಿ ಎಂಬ ರಕ್ಷಕಭಟ ಆಕೆಯನ್ನು ಹುಡುಕಿಕೊಂಡು ಸ್ಪೇನ್ ದೇಶದ ಹಳ್ಳಿಯೊಂದಕ್ಕೆ ಹೋಗುತ್ತಾನೆ. ಅಲ್ಲಿಯ ರೈತರೆಲ್ಲ ಒಂದು ಪರೋಪಜೀವಿಯ ವಶವಾಗಿ ಮನುಷ್ಯತ್ವ ಕಳೆದುಕೊಂಡಿದ್ದಾರೆ. ಅಪಹೃತೆಯ ಬಿಡುಗಡೆಗಾಗಿ ವೀರನು ಹೊರಡುವ ಈ ವಸ್ತು ನಮಗೆ ಹೊಸದಲ್ಲ.

ಹೊಸತಿರುವುದು ಭಯದ ರಚನೆಯಲ್ಲಿ. ಈ ಆಟದಲ್ಲಿ ಬಂದೂಕನ್ನು ಗುರಿಯಿಟ್ಟು ಹಿಡಿದ ಕ್ಷಣ ಲಿಯಾನನ ಕಾಲುಗಳು ನೆಲಕ್ಕೆ ನೆಟ್ಟುಬಿಡುತ್ತವೆ. ನಡೆದರೆ ಗುಂಡು ಹಾರಿಸುವಂತಿಲ್ಲ; ಹಾರಿಸಬೇಕಾದರೆ ನಿಲ್ಲಬೇಕು. ಮೊದಲ ಹಳ್ಳಿಯ ಪ್ರಸಂಗವನ್ನು ನೋಡಿ. ನಾಲ್ಕು ಕಡೆಯಿಂದಲೂ ಜನ ಕೊಡಲಿ ಕವೆಗೋಲುಗಳನ್ನು ಹಿಡಿದು ಬರುತ್ತಿದ್ದಾರೆ. ತಲೆಗೆ ಗೋಣಿ ಮುಸುಕಿದವನೊಬ್ಬ ಯಂತ್ರಗರಗಸವನ್ನು ಮೊರೆಯಿಸುತ್ತ ಬರುತ್ತಾನೆ. ಅವನ ಒಂದೇ ಏಟಿಗೆ ಕಥೆ ಮುಗಿಯುತ್ತದೆ. ಚರ್ಚಿನ ಗಂಟೆ ಬಾರಿಸುವವರೆಗೆ ಜೀವ ಹಿಡಿದುಕೊಂಡಿರುವುದೇ ಆಟಗಾರನ ಪಾಲಿನ ಕೆಲಸ. ಹೆಬ್ಬೆರಳಿನಿಂದ ಸಣ್ಣ ಕಡ್ಡಿಯೊಂದನ್ನು ತಿರುಗಿಸಿ, ಕೆಂಪು ಬೆಳಕಿನ ಗೆರೆಯನ್ನು ಶತ್ರುವಿನ ಕಡೆಗೆ ಮೆಲ್ಲಗೆ ಒಯ್ಯುತ್ತಿರುವಾಗ ಬೆನ್ನ ಹಿಂದೆ ಯಾರು ಬಂದರೆಂಬುದು ತಿಳಿಯದು. ಪ್ರತಿಯೊಂದು ಗುಂಡೂ ಒಂದು ಪಣ.

ಈ ಆಟವನ್ನು ನಾನು ಮತ್ತೆ ಆಡಿದುದು ಕಳೆದ ಚಳಿಗಾಲ, ಕೋಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಅಡ್ಡರಸ್ತೆಯೊಂದರಲ್ಲಿರುವ ನಮ್ಮ ಭಾವನವರ ಮನೆಯಲ್ಲಿ. ಆ ಬೀದಿಯನ್ನು ಇಲ್ಲಿ ಹೆಸರಿಸುವುದಕ್ಕೆ ಕಾರಣವುಂಟು. ಈಗ ಅಧಿಕೃತವಾಗಿ ಮದರ್ ತೆರೇಸಾ ಸರಣಿಯಾಗಿರುವ ಈ ಬೀದಿಗೆ ‘ಪಾರ್ಕ್’ ಎಂಬ ಹೆಸರು ಬಂದುದು ನ್ಯಾಯಾಧೀಶ ಎಲೈಜಾ ಇಂಪೆಯ ಜಿಂಕೆವನದಿಂದ. ಅದಕ್ಕೂ ಹಿಂದೆ ಇದು ಬೆರಿಯಲ್ ಗ್ರೌಂಡ್ ರೋಡ್, ಎಂದರೆ ಗೋರಿಗಳ ದಾರಿ. ಬೀದಿಯ ಪೂರ್ವದ ತುದಿಯಲ್ಲಿ 1767ರಲ್ಲಿ ತೆರೆದ ಸಮಾಧಿಸ್ಥಳ ಇಂದಿಗೂ ಇದೆ. 1784ರಲ್ಲಿ ಏಷಿಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ ಸರ್ ವಿಲಿಯಂ ಜೋನ್ಸ್, ಕವಿ ಡೆರೋಜಿಯೊ ಮೊದಲಾದವರು ಮಣ್ಣಾದ ಸ್ಥಳವದು. ಸತ್ಯಜಿತ್ ರಾಯರು ತಮ್ಮ ಪತ್ತೇದಾರ ಫೆಲೂದನನ್ನು ಇಲ್ಲಿಗೇ ಕರೆತಂದರು. ಆ ಕಥೆ 2010ರಲ್ಲಿ ಚಲನಚಿತ್ರವೂ ಆಯಿತು.

ಹಗಲು ಹೊತ್ತಿನಲ್ಲೇ ಅಲ್ಲಿ ಸುತ್ತಾಡಿ ಬಂದ ನನಗೆ ಆಟದ ಹಳ್ಳಿಯ ರಹಸ್ಯ ತಿಳಿಯಾದಂತಾಯಿತು. ಆಳೆತ್ತರವನ್ನು ಮೀರಿದ ಪಿರಮಿಡ್ಡುಗಳು, ಸೂಜಿಗಂಬಗಳು, ಗುಮ್ಮಟಗಳು ಒತ್ತೊತ್ತಾಗಿ ನಿಂತು ನೋಟವನ್ನು ಹತ್ತು ಹೆಜ್ಜೆಗೊಮ್ಮೆ ಕತ್ತರಿಸುತ್ತವೆ. ಅಲ್ಲಿ ಅಂಜಿಸುವುದು ಕಂಡದ್ದಲ್ಲ, ಮುಂದಿನ ತಿರುವಿನಲ್ಲಿ ಕಾಣಬಹುದಾದದ್ದು. ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ರನ್ನನ ‘ಗದಾಯುದ್ಧ’ದಲ್ಲಿ ಸಂಜಯನೊಡನೆ ರಣಭೂಮಿಯಲ್ಲಿ ನಡೆಯುವ ದುರ್ಯೋಧನನ ಕೈಯಲ್ಲಿ ಗದೆಯಿದೆ, ಆದರೂ ಆ ಸನ್ನಿವೇಶ ನಮ್ಮನ್ನು ನಡುಗಿಸುವುದು ಹೆಣಗಳ ನಡುವೆ ಎಡವುವ ಅವನ ಕಾಲುಗಳಿಂದ, ದಾರಿಗಡ್ಡವಾಗಿ ಬಂದು ಅಣಕಿಸುವ ಮರುಳುಗಳಿಂದ. ಭಯಾನಕ ಮೊದಲು ಹಿಡಿಯುವುದು ಕಾಲನ್ನು. ಮಿಕಾಮಿಯವರು ಕಂಡುಕೊಂಡದ್ದೂ ಇದನ್ನೇ.

ಇನ್ನು ಉಪಕರಣದ ವಿಚಾರ. ನಿಂಟೆಂಡೊ ವೀ ಎಂಬ ಕನ್ಸೋಲ್ 2006ರ ನವೆಂಬರಿನಲ್ಲಿ ಬಂದಿತು. ಮರುವರ್ಷ ಈ ಆಟ ಅದಕ್ಕೆ ಅಳವಟ್ಟಿತು. ವೀ ಯಂತ್ರದ ರಿಮೋಟಿನ ಮೂತಿಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇದೆ. ಟೀವಿಯ ಬಳಿ ಇಡುವ ಪಟ್ಟಿಯಿಂದ ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನ ಎರಡು ಗೊಂಚಲುಗಳು ಹೊರಡುತ್ತವೆ. ಅವುಗಳನ್ನು ಕಂಡು ರಿಮೋಟು ತಾನು ಎತ್ತ ಮುಖಮಾಡಿದೆಯೆಂದು ಲೆಕ್ಕಹಾಕುತ್ತದೆ. ಪಟ್ಟಿಯಿಲ್ಲದಿದ್ದರೆ ಹೊತ್ತಿಸಿದ ಎರಡು ಮೇಣದ ಬತ್ತಿಗಳೂ ಸಾಕು! ಕೈಬೀಸಿನ ವೇಗವನ್ನರಿಯುವ ಸಾಧನವೂ ಒಳಗಿದೆ. ಆದ್ದರಿಂದ ಇಲ್ಲಿ ಗುರಿಯಿಡಲು ಕಡ್ಡಿ ತಿರುಗಿಸಬೇಕಾಗಿಲ್ಲ. ಪರದೆಯ ಮೇಲಿನ ಶತ್ರುವಿನತ್ತ ಕೈಚಾಚಿದರಾಯಿತು. ರಿಮೋಟನ್ನು ಬೀಸಿದರೆ ಲಿಯಾನನ ಚೂರಿ ಬೀಸುತ್ತದೆ. ಎಡಗೈಯ ನಂಚಕ್ಕಿನಿಂದ ನಡಿಗೆ. ಗುರಿಯಿಟ್ಟಾಗ ಕಾಲು ನಿಲ್ಲುವ ಹಳೆಯ ಕಟ್ಟು ಮಾತ್ರ ಹಾಗೆಯೇ ಉಳಿಯಿತು. ಕಾಲಿನ ಸಂಕೋಲೆ ಉಳಿದು ಕೈಯ ಸಂಕೋಲೆ ಕಳಚಿತು.

ಫಲವೇನಾಯಿತು? ಆ ಹಳ್ಳಿಯಲ್ಲಿ ಹಿಂದೆ ಓಡಾಡಿ ಅಡಗಿ ಕಿಟಕಿಯಿಂದ ಹಾರಿ ಉಳಿಯುತ್ತಿದ್ದ ನಾನು, ಈ ಬಾರಿ ನಡುಬೀದಿಯಲ್ಲೇ ನಿಂತು ಒಬ್ಬೊಬ್ಬರನ್ನಾಗಿ ಕೆಡವಿದೆ. ಆಶ್ಲಿಯನ್ನು ಹೆಗಲ ಮೇಲೆ ಹೊತ್ತೊಯ್ಯುವವನ ಕಾಲಿಗೆ ಗುರಿಯಿಡುವಾಗ, ಆಕೆಗೆ ತಾಗೀತೆಂಬ ಹಳೆಯ ಅಳುಕು ಬಹುಮಟ್ಟಿಗೆ ಮಾಯವಾಗಿತ್ತು. ಆನಂದವೇನೋ ಆಯಿತು, ಭಯವಾಗಲಿಲ್ಲ.

ಭಯ ಹೋದದ್ದು ಹಳೆಯ ನೆನಪಿನಿಂದ, ಉಪಕರಣದಿಂದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಇದನ್ನು ಪರೀಕ್ಷಿಸಲು ಆಟವೇ ಅವಕಾಶವಿತ್ತಿದೆ. ವೀ ಆವೃತ್ತಿಯನ್ನು ಗೇಮ್‌ಕ್ಯೂಬಿನ ಹಳೆಯ ಕಂಟ್ರೋಲರಿನಿಂದಲೂ ಆಡಬಹುದು. ಮರುದಿನ ಅದೇ ತಟ್ಟೆಯನ್ನು ಹಾಕಿ ಅದೇ ಹಳ್ಳಿಯನ್ನು ಹಳೆಯ ಕಂಟ್ರೋಲರ್ ಹಿಡಿದು ಆಡಿದೆ. ಯಾರು ಎಲ್ಲಿಂದ ಬರುತ್ತಾರೆಂಬುದು ಬಾಯಿಪಾಠವಾಗಿದ್ದರೂ ಅಂಗೈ ಬೆವರಿತು. ಆದ್ದರಿಂದ ನೆನಪನ್ನು ಮುಖ್ಯಕಾರಣವೆನ್ನಲಾಗದು.

ಮುಖ್ಯಕಾರಣ ಆಶ್ರಯದಲ್ಲಿದೆ. ಭಯವು ನೀಚಪ್ರಕೃತಿಗೂ ಉತ್ಸಾಹವು ಉತ್ತಮಪ್ರಕೃತಿಗೂ ಸೇರಿದ್ದೆಂದು ಭರತನ ಮತ. ಕುಮಾರವ್ಯಾಸನ ಉತ್ತರಕುಮಾರನ ಪ್ರಸಂಗ ಇದಕ್ಕೆ ಉತ್ತಮ ನಿದರ್ಶನ. ರಥ ಒಂದೇ, ಎದುರಿನ ಕುರುಸೇನೆಯೂ ಒಂದೇ. ಅದನ್ನು ಕಂಡು ಉತ್ತರ ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆಗೆ ತೋಳು ತುಡಿಯುತ್ತದೆ. ವಿಭಾವ ಒಂದೇ ಆದರೂ ಒಬ್ಬನಲ್ಲಿ ಭಯ, ಇನ್ನೊಬ್ಬನಲ್ಲಿ ಉತ್ಸಾಹ. ನಾಟಕದ ಪ್ರೇಕ್ಷಕ ಉತ್ತರನನ್ನು ಹೊರಗಿನಿಂದ ನೋಡಿ ನಗಬಲ್ಲ. ಆಟದಲ್ಲಾದರೋ ಪ್ರೇಕ್ಷಕನೇ ಆಶ್ರಯವೂ ಆಗಿದ್ದಾನೆ. ಅವನ ಕೈಯ ಬಲಾಬಲವೇ ರಸವನ್ನು ನಿರ್ಣಯಿಸುತ್ತದೆ. ಹಳೆಯ ಕಂಟ್ರೋಲರ್ ನಮ್ಮನ್ನು ಉತ್ತರನನ್ನಾಗಿಸಿತು. ವೀ ರಿಮೋಟು ಬೃಹನ್ನಳೆಯ ಪಟ್ಟ ಕಟ್ಟಿತು. ಆಟಗಾರ ಗೆದ್ದಷ್ಟೂ ಶತ್ರುವಿನ ಬಲವನ್ನು ತುಸು ಏರಿಸುವ ಗುಪ್ತ ಏರ್ಪಾಡು ಈ ಆಟದಲ್ಲಿದೆಯಾದರೂ, ಅದು ಹಳೆಯ ಕೈಯ ವೇಗಕ್ಕೆ ತೂಗಿ ಇಟ್ಟದ್ದೆಂದು ತೋರುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ವಿಮರ್ಶೆ ಏಕಪಕ್ಷೀಯವಾಗುತ್ತಿತ್ತು. ನನ್ನ ಅಭಿಪ್ರಾಯವನ್ನು ತಿದ್ದಿದವರು ಭಾವನವರು. ಅರುವತ್ತು ದಾಟಿದ ಅವರ ಬೆರಳುಗಳಿಗೆ ಸಂಧಿವಾತ. ಕಡ್ಡಿ ತಿರುಗಿಸುವುದು ಅವರಿಂದಾಗದು. “ತೋರಿಸಿದರೆ ಸಾಕೇನಯ್ಯ? ಹಾಗಾದರೆ ಕೊಡು” ಎಂದು ರಿಮೋಟನ್ನು ಇಸಕೊಂಡರು. ಹಳ್ಳಿಯವರು ಮುತ್ತುತ್ತಲೂ ಅವರ ಕೈ ನಡುಗಿತು. ಆ ನಡುಕಕ್ಕೆ ಸರಿಯಾಗಿ ಪರದೆಯ ಮೇಲಿನ ಗುರಿಯ ಚಿಹ್ನೆಯೂ ನಡುಗಿತು. ಕೈಕಾಲುಗಳ ಕಂಪ ಭಯಾನಕದ ಅನುಭಾವಗಳಲ್ಲಿ ಮುಖ್ಯವಾದುದು. ಹಳೆಯ ಕಂಟ್ರೋಲರ್ ಆ ಸಣ್ಣ ನಡುಕವನ್ನು ತನ್ನಲ್ಲೇ ನುಂಗಿಬಿಡುತ್ತಿತ್ತು. ರಿಮೋಟು ಅದನ್ನು ದೃಶ್ಯವಾಗಿ ಮಾಡಿತು. ಅಂಜಿದವನ ಗುರಿ ತಪ್ಪುತ್ತದೆ, ಗುರಿ ತಪ್ಪಿದವನು ಇನ್ನಷ್ಟು ಅಂಜುತ್ತಾನೆ. ಆ ಸಂಜೆ ಭಾವನವರು ಮೂರು ಸಲ ಸತ್ತರು. ನಾಲ್ಕನೆಯ ಸಲ ಗಂಟೆ ಬಾರಿಸಿದಾಗ ಅವರ ಮುಖದಲ್ಲಿ ಕಂಡ ನಿಟ್ಟುಸಿರು ನನಗೆ ಆ ಯಂತ್ರದಿಂದ ದೊರೆತಿರಲಿಲ್ಲ. ಅದೇ ಉಪಕರಣ ಪಳಗಿದವನಿಗೆ ವೀರವನ್ನೂ ಪಳಗದವನಿಗೆ ಭಯಾನಕವನ್ನೂ ಕೊಟ್ಟಿತು. ಬೆರಳು ಮಣಿಯದವನಿಗೆ ಕೃತಿಯ ಬಾಗಿಲನ್ನೇ ತೆರೆಯಿತು. ಈ ಕೊನೆಯ ಉಪಕಾರವನ್ನು ಯಾವ ರಸಭಂಗದ ದೂರೂ ಮುಚ್ಚಿಹಾಕಬಾರದು.

ಆದಕಾರಣ ದೋಷ ಕೈಯ ಸ್ವಾತಂತ್ರ್ಯದಲ್ಲಿಲ್ಲ. ಸ್ವಾತಂತ್ರ್ಯವನ್ನು ಕೊಟ್ಟು ಆಪತ್ತನ್ನು ಅದಕ್ಕೆ ತಕ್ಕಂತೆ ಬೆಳೆಸದಿರುವುದರಲ್ಲಿದೆ. ಮುಂದಿನವರು ಇದನ್ನು ಅರಿತಂತೆ ಕಾಣುತ್ತದೆ. 2021ರಲ್ಲಿ, ಮುಖಕ್ಕೆ ಕಟ್ಟಿಕೊಂಡು ಆಡುವ ಕ್ವೆಸ್ಟ್ 2 ಯಂತ್ರಕ್ಕೆ ಬಂದ ಆವೃತ್ತಿಯಲ್ಲಿ ಕೈಯ ಜೊತೆಗೆ ಕಾಲಿನ ಕಟ್ಟೂ ಬಿಚ್ಚಿಹೋಯಿತು. ಆದರೆ ಪರದೆಯ ದೂರವೂ ಅಳಿದು ಶತ್ರು ಮೈಮೇಲೆಯೇ ಬಂದ. 2023ರಲ್ಲಿ ಕ್ಯಾಪ್ಕಾಮ್ ಇಡೀ ಆಟವನ್ನು ಹೊಸದಾಗಿ ಕಟ್ಟಿದಾಗ ಗುರಿಯಿಟ್ಟೇ ನಡೆಯಲು ಬಿಟ್ಟಿತು. ಪ್ರತಿಯಾಗಿ ಚೂರಿಯನ್ನು ಸವೆಯುವಂತೆ ಮಾಡಿತು. ಒಂದು ಕಟ್ಟು ಸಡಿಲಿಸಿದವನು ಇನ್ನೊಂದನ್ನು ಬಿಗಿಯಬೇಕೆಂಬುದು ಇದರಿಂದ ತಿಳಿಯುತ್ತದೆ.

ಉತ್ತರನ ಪೌರುಷ ಒಲೆಯ ಮುಂದೆ ಎಂಬುದು ನಮ್ಮ ಗಾದೆ. ಟೀವಿಯ ಮುಂದಿನ ನಮ್ಮ ಪೌರುಷವೂ ಅಂಥದೇ. ಒಲೆಯ ಮುಂದೆ ಕುಳಿತವನನ್ನು ರಣರಂಗಕ್ಕೆ ಒಯ್ದು ಅವನ ಅಳವನ್ನು ಅವನಿಗೇ ತೋರಿಸುವುದು ಈ ಬಗೆಯ ಆಟದ ಧರ್ಮ. 2005ರ ಆಟ ಆ ಧರ್ಮವನ್ನು ಪೂರ್ಣವಾಗಿ ನಡೆಸಿತು. ವೀ ಆವೃತ್ತಿ, ಹಳೆಯ ಆಟಗಾರರ ಮಟ್ಟಿಗೆ, ಅದನ್ನು ಸುಖಕ್ಕೆ ಮಾರಿತು. ಮೊದಲ ಸಲ ಆಡುವವರು ಯಾವುದರಲ್ಲಾದರೂ ಆಡಲಿ. ಮತ್ತೆ ಆಡುವವರು ಮಾತ್ರ ಹಳೆಯ ಕಂಟ್ರೋಲರನ್ನೇ ಹಿಡಿಯುವುದು ಲೇಸು.